ಅಂಗಡಿ ಬಿಟ್ಟೆ ಅಂದ್ರೆ ಬಿಟ್ಟಂಗಾಗಲ್ಲ: ಪಾಲುದಾರಿಕೆಯಿಂದ ಹೊರಬರುವ ಮುಂಚೆ ಕೇಳಬೇಕಾದ ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಅರ್ಧ ನಮ್ಮ ಮನೆ ಕಥೆ, ಅರ್ಧ ಕಾನೂನು. ಸಿಂಧನೂರಿನಿಂದ ಲಿಂಗಸುಗೂರು ಬಸ್ ಹತ್ತಿ ಕಿವಿಗೆ ಇಯರ್‌ಫೋನ್ ಹಾಕ್ಕೊಂಡ್ರೆ, ಮಸ್ಕಿ ಬರೋದ್ರೊಳಗೆ ಮುಗಿಯುತ್ತೆ. ಮೊದಲೇ ಹೇಳಿಬಿಡ್ತೀನಿ, ನಾನು ವಕೀಲೆ ಅಲ್ಲ. ಬಿ.ಕಾಂ ಓದಿದವಳು. ಆದ್ರೆ ಈ ವಿಷಯ ನಾನು ಕಲಿತದ್ದು ಕಾಲೇಜಲ್ಲಲ್ಲ, ನಮ್ಮ ಮನೆ ಪಡಸಾಲೆಯಲ್ಲಿ.

2019ರ ಬೇಸಿಗೆ. ನಾನಾಗ ಡಿಗ್ರಿ ಕೊನೆಯ ವರ್ಷ. ಮಧ್ಯಾಹ್ನ ಪೋಸ್ಟ್‌ಮ್ಯಾನ್ ಬಂದು ಒಂದು ರಿಜಿಸ್ಟರ್ ಲಕೋಟೆ ಕೊಟ್ಟು, ಅಪ್ಪನ ಸಹಿ ತಗೊಂಡು ಹೋದ. ಅಪ್ಪ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ರು. “ಇಂಗ್ಲಿಷ್‌ನ್ಯಾಗ ಬಂದದ, ಏನದ ಓದವಾ” ಅಂದ್ರು.

ಅದು ವಕೀಲರ ನೋಟಿಸ್. ಗೊಬ್ಬರದ ಹೋಲ್‌ಸೇಲ್ ವ್ಯಾಪಾರಿಯೊಬ್ಬರು ಕಳಿಸಿದ್ದು. 2018ರ ಮುಂಗಾರಿನಲ್ಲಿ ಅಂಗಡಿಗೆ ಕೊಟ್ಟ ಮಾಲಿನ ಬಾಕಿ 9 ಲಕ್ಷ 30 ಸಾವಿರ, ಹದಿನೈದು ದಿನದೊಳಗೆ ಕಟ್ಟಬೇಕು ಅಂತ. ಕೆಳಗೆ ಮೂವರು ಪಾಲುದಾರರ ಹೆಸರು. ಮೂರನೆಯದು ಅಪ್ಪನದು.

ಅಪ್ಪ ನಕ್ಕುಬಿಟ್ರು. “ಅಂಗಡಿ ನಾ ಬಿಟ್ಟು ಎರಡು ವರ್ಷ ಆತಲ್ಲ. ನನಗ್ಯಾಕ ಕಳಿಸ್ಯಾರ? ಅವರಿಗೆ ತಿಳಿದಿಲ್ಲ ಕಾಣ್ತದ.”

ಇವತ್ತಿನ ಸಂಚಿಕೆ ಪೂರ್ತಿ ಆ ಕೊನೆಯ ಮಾತಿನ ಮೇಲೆನೇ. ಹೌದು, ಅವರಿಗೆ ತಿಳಿದಿರಲಿಲ್ಲ. ಯಾಕಂದ್ರೆ ನಾವು ತಿಳಿಸಿರಲಿಲ್ಲ.

ಹಿಂದಿನ ಕಥೆ ಹೇಳ್ತೀನಿ. ಅಪ್ಪ, ಅಪ್ಪನ ಇಬ್ಬರು ಗೆಳೆಯರು ಸೇರಿ ಸಿಂಧನೂರಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ರು. ಒಬ್ಬರು ಮಸ್ಕಿಯವರು, ಇನ್ನೊಬ್ಬರು ಲಿಂಗಸುಗೂರಿನವರು. ಇಬ್ಬರಿಗೂ ನಾನು ಕಾಕಾ ಅಂತನೇ ಕರೀತಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು, ಭತ್ತ, ಗೊಬ್ಬರ. ಸಿಂಧನೂರಿನಲ್ಲಿ ಈ ವ್ಯಾಪಾರ ಹೆಂಗೆ ನಡೀತದೆ ಅಂತ ನಮ್ಮ ಕಡೆಯವರಿಗೆ ಹೇಳೋದೇ ಬೇಡ. ರೈತ ಉದ್ರಿ ಒಯ್ತಾನೆ, ರಾಶಿ ಆದ ಮೇಲೆ ಕೊಡ್ತಾನೆ. ಅಂಗಡಿಯವನು ಹೋಲ್‌ಸೇಲ್‌ನವರ ಹತ್ರ ಉದ್ರಿ ತರ್ತಾನೆ. ನಡುವೆ ಬ್ಯಾಂಕಿನ ಸಿಸಿ ಸಾಲ. ಅಂದ್ರೆ ಇಡೀ ಅಂಗಡಿ ನಿಂತಿರೋದು ಹೆಸರಿನ ಮೇಲೆ.

ಅಪ್ಪನಿಗೆ ಸಕ್ಕರೆ ಕಾಯಿಲೆ ಜಾಸ್ತಿ ಆಯ್ತು. 2017ರ ಯುಗಾದಿಗೆ “ನನಗ ಸಾಕ್ರಪಾ” ಅಂತ ಹೇಳಿದ್ರು. ಜಗಳ ಇಲ್ಲ, ಬೇಜಾರಿಲ್ಲ. ಮೂವರೂ ಕೂತು ಸ್ಟಾಕ್ ಎಣಿಸಿದ್ರು, ಉದ್ರಿ ಪುಸ್ತಕ ನೋಡಿದ್ರು, ನೂರು ರೂಪಾಯಿ ಸ್ಟಾಂಪ್ ಪೇಪರ್ ಮೇಲೆ ಬರ್ಕೊಂಡ್ರು. ಅಪ್ಪನ ಪಾಲಿನ ದುಡ್ಡು ಎರಡು ಕಂತಲ್ಲಿ ಬಂತು. ಅವತ್ತು ನಮ್ಮನೆಯಲ್ಲಿ ಹೋಳಿಗೆ ಊಟ. ಲೆಕ್ಕ ಚುಕ್ತಾ ಆಯ್ತು ಅಂತ ಎಲ್ಲರೂ ಅನ್ಕೊಂಡ್ವಿ.

ಮುಂದಿನ ವರ್ಷ ಮಳೆ ಕೈಕೊಡ್ತು. ಉದ್ರಿ ವಾಪಸ್ ಬರಲಿಲ್ಲ. ಕಾಕಾಗಳು ಮೋಸಗಾರರಲ್ಲ, ಇದನ್ನ ನಾನು ಒತ್ತಿ ಹೇಳ್ತೀನಿ. ಅವರ ಹತ್ರ ದುಡ್ಡೇ ಇರಲಿಲ್ಲ.

ನನಗೆ ಸಿಟ್ಟು ಬಂದದ್ದು ಇನ್ನೊಂದು ಕಾರಣಕ್ಕೆ. ಕಾಮರ್ಸ್ ಓದಿದವರಿಗೆಲ್ಲ ಗೊತ್ತು, ಪಿಯುಸಿ ಎರಡನೇ ವರ್ಷದ ಅಕೌಂಟೆನ್ಸಿಯಲ್ಲಿ ‘ರಿಟೈರ್ಮೆಂಟ್ ಆಫ್ ಎ ಪಾರ್ಟ್ನರ್’ ಅಂತ ಒಂದು ಪಾಠ ಇದೆ. ಎಕ್ಸ್, ವೈ, ಝಡ್ ಮೂವರು ಪಾಲುದಾರರು, ಝಡ್ ನಿವೃತ್ತಿ ಆಗ್ತಾನೆ. ರೀವ್ಯಾಲ್ಯುವೇಶನ್ ಅಕೌಂಟ್ ಹಾಕು, ಗುಡ್‌ವಿಲ್ ಹಂಚು, ಗೇನಿಂಗ್ ರೇಶಿಯೋ ತೆಗಿ, ಝಡ್‌ನ ಬಾಕಿಯನ್ನ ಲೋನ್ ಅಕೌಂಟಿಗೆ ಹಾಕು. ಆ ಲೆಕ್ಕ ನಾನು ಕಣ್ಣು ಮುಚ್ಚಿ ಮಾಡ್ತಿದ್ದೆ. ಆದ್ರೆ ಝಡ್ ಹೋದದ್ದನ್ನ ಊರಿಗೆ ಯಾರು ಹೇಳ್ಬೇಕು ಅಂತ ಆ ಲೆಕ್ಕದಲ್ಲಿ ಬರಲ್ಲ. ನಮ್ಮ ಮನೆಯ ಝಡ್ ಪಡಸಾಲೆಯಲ್ಲಿ ನೋಟಿಸ್ ಹಿಡ್ಕೊಂಡು ಕೂತಿದ್ದ.

ವಕೀಲರ ಹತ್ರ ಹೋದ್ವಿ. ಅವರು ಸ್ಟಾಂಪ್ ಪೇಪರ್ ಓದಿ, “ಇದು ನೀವು ಮೂವರ ನಡುವಿನ ಕಾಗದ. ಚಲೋ ಅದ. ಆದ್ರ ಹೊರಗಿನವರಿಗೆ ಏನ್ ಕೊಟ್ಟೀರಿ?” ಅಂತ ಕೇಳಿದ್ರು. ನಾವು ಮುಖ ಮುಖ ನೋಡ್ಕೊಂಡ್ವಿ.

ಇಲ್ಲಿಂದ ಕಾನೂನು. ಭಯ ಬೇಡ, ನಿಧಾನಕ್ಕೆ ಹೋಗೋಣ.

ನಮ್ಮ ದೇಶದಲ್ಲಿ ಪಾಲುದಾರಿಕೆಗೆ ಇರೋ ಕಾನೂನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ. ಅದರ 32ನೇ ಕಲಂ ಪಾಲುದಾರ ನಿವೃತ್ತಿ ಆಗೋದರ ಬಗ್ಗೆ. ಹೊರಬರೋಕೆ ಮೂರು ದಾರಿ. ಉಳಿದ ಎಲ್ಲ ಪಾಲುದಾರರು ಒಪ್ಪಬೇಕು. ಇಲ್ಲಾಂದ್ರೆ ಡೀಡ್‌ನಲ್ಲಿ ಹಿಂಗೆ ಹೊರಗೆ ಹೋಗಬಹುದು ಅಂತ ಬರೆದಿರಬೇಕು, ಅದರ ಪ್ರಕಾರ ಹೋಗಬೇಕು. ಅವಧಿ ಅಥವಾ ಕೊನೆ ಏನೂ ಗೊತ್ತು ಮಾಡದ ‘ಪಾರ್ಟ್ನರ್‌ಶಿಪ್ ಅಟ್ ವಿಲ್’ ಆಗಿದ್ರೆ, ಎಲ್ಲ ಪಾಲುದಾರರಿಗೂ ಲಿಖಿತ ನೋಟಿಸ್ ಕೊಟ್ಟು ಹೋಗಬಹುದು. ಅಪ್ಪ ಮೊದಲನೇ ದಾರಿಯಲ್ಲೇ ಬಂದಿದ್ರು. ಆ ಭಾಗದಲ್ಲಿ ತಪ್ಪಿರಲಿಲ್ಲ.

ಆದ್ರೆ ಹೊರಗಿನವರಿಗೆ ಸಂಬಂಧಪಟ್ಟಂತೆ ಎರಡು ಲೆಕ್ಕ ಇದಾವೆ. ನೀವು ಬಿಡೋ ದಿನಕ್ಕಿಂತ ಹಿಂದಿನ ಸಾಲ ಒಂದು. ಬಿಟ್ಟ ಮೇಲಿನ ಸಾಲ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಮದ್ದು.

ಹಿಂದಿನ ಸಾಲ ಮೊದಲು ನೋಡೋಣ. ನೀವು ಪಾಲುದಾರರಾಗಿದ್ದಾಗ ಫರ್ಮ್ ಮಾಡಿದ ಸಾಲಕ್ಕೆ ಎಲ್ಲರೂ ಸೇರಿ ಹೊಣೆ, ಒಬ್ಬೊಬ್ಬರೂ ಪೂರ್ತಿಯಾಗಿ ಹೊಣೆ. ಇದು 25ನೇ ಕಲಂ. ನನ್ನದು ಮೂರರಲ್ಲಿ ಒಂದು ಪಾಲು, ಅಷ್ಟೇ ಕೊಡ್ತೀನಿ ಅಂತ ಬ್ಯಾಂಕಿಗೆ ಹೇಳೋಕಾಗಲ್ಲ. ಅವರು ಒಬ್ಬರ ಹತ್ರನೇ ಪೂರ್ತಿ ಕೇಳಬಹುದು. ನೀವು ಕಟ್ಟಿ, ಆಮೇಲೆ ಉಳಿದವರ ಹತ್ರ ಅವರವರ ಪಾಲು ಕೇಳ್ಬೇಕು.

ನಿವೃತ್ತಿ ಆದ್ರೆ ಆ ಹೊಣೆ ಹೋಗುತ್ತಾ? ತಾನಾಗೇ ಹೋಗಲ್ಲ. ಸಾಲ ಕೊಟ್ಟವರು, ಮುಂದುವರಿಯೋ ಪಾಲುದಾರರು ಮತ್ತು ನೀವು, ಮೂರೂ ಕಡೆಯವರು ಒಪ್ಪಿದ್ರೆ ಮಾತ್ರ ನಿಮ್ಮ ಬಿಡುಗಡೆ. ಈ ಮಾತಿನ ಮೇಲೆ ಒಂದು ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು: ಸಿಂಡಿಕೇಟ್ ಬ್ಯಾಂಕ್ ಮತ್ತು ಆರ್‌ಎಸ್‌ಆರ್ ಎಂಜಿನಿಯರಿಂಗ್ ವರ್ಕ್ಸ್ ನಡುವಿನದು. 2003ರ ತೀರ್ಪು. ಸಾಲ ತಗೊಂಡಾಗ ಇದ್ದ ಪಾಲುದಾರರು ಆಮೇಲೆ ನಿವೃತ್ತಿ ಆಗಿದ್ರು. ನಿವೃತ್ತಿಗೆ ಮುಂಚಿನ ಸಾಲಕ್ಕೆ, ಬ್ಯಾಂಕಿನ ಜೊತೆ ಒಪ್ಪಂದ ಆಗಿಲ್ಲ ಅಂದ ಮೇಲೆ, ಅವರ ಹೊಣೆ ಹೋಗಿಲ್ಲ ಅಂತ ಕೋರ್ಟ್ ಹೇಳ್ತು. ನಾವು ನಾವೇ ಬರ್ಕೊಂಡ ಕಾಗದಕ್ಕೆ ಬ್ಯಾಂಕಿನ ಸಹಿ ಇರಲ್ಲ. ಅದು ಬ್ಯಾಂಕನ್ನ ಕಟ್ಟಿಹಾಕಲ್ಲ.

ಈಗ ಬಿಟ್ಟ ಮೇಲಿನ ಸಾಲ. ಅಪ್ಪನನ್ನ ಹಿಡಿದದ್ದು ಇದೇ. 32ನೇ ಕಲಂನ ಮೂರನೇ ಭಾಗ ಹೇಳೋದಿಷ್ಟು: ನಿವೃತ್ತಿಯ ಸಾರ್ವಜನಿಕ ನೋಟಿಸ್ ಕೊಡೋವರೆಗೂ, ಹೊರಗಿನವರ ಪಾಲಿಗೆ ನೀವು ಇನ್ನೂ ಪಾಲುದಾರರೇ. ಒಂದು ವಿನಾಯಿತಿ ಇದೆ. ನೀವು ಪಾಲುದಾರರಾಗಿದ್ರಿ ಅಂತಲೇ ಗೊತ್ತಿಲ್ಲದೆ ವ್ಯವಹಾರ ಮಾಡಿದವರಿಗೆ ನೀವು ಹೊಣೆ ಅಲ್ಲ. ಆದ್ರೆ ನಮ್ಮ ಹೋಲ್‌ಸೇಲ್‌ನವರಿಗೆ ಅಪ್ಪ ಚೆನ್ನಾಗೇ ಗೊತ್ತು. ಎಷ್ಟೋ ವರ್ಷ ಆರ್ಡರ್‌ಗೆ ಸಹಿ ಹಾಕಿದ್ದೇ ಅಪ್ಪ. ಅವರು ಮಾಲು ಕೊಟ್ಟದ್ದು ಆ ಮುಖ ನೋಡಿ.

ಮೊದಲ ಸಲ ಕೇಳಿದಾಗ ನನಗೆ ಇದು ಅನ್ಯಾಯ ಅನ್ನಿಸ್ತು. ಆಮೇಲೆ ಆ ವ್ಯಾಪಾರಿ ಜಾಗದಲ್ಲಿ ನಿಂತು ನೋಡಿದೆ. ಮೂವರನ್ನ ನಂಬಿ ಲಾರಿ ಲೋಡ್ ಮಾಡಿಸಿದ್ದಾರೆ. ಒಬ್ಬರು ಸದ್ದಿಲ್ಲದೆ ಎದ್ದು ಹೋಗಿದ್ದಾರೆ. ಅದು ಅವರಿಗೆ ಹೆಂಗೆ ಗೊತ್ತಾಗಬೇಕು?

ಸಾರ್ವಜನಿಕ ನೋಟಿಸ್ ಅಂದ್ರೆ ಏನು? ಅಂಗಡಿ ಶಟರ್ ಮೇಲೆ ಚೀಟಿ ಅಂಟಿಸೋದಲ್ಲ, ವಾಟ್ಸ್ಆ್ಯಪ್ ಸ್ಟೇಟಸ್ಸೂ ಅಲ್ಲ. 72ನೇ ಕಲಂ ಅದನ್ನ ಸ್ಪಷ್ಟವಾಗಿ ಹೇಳಿದೆ. ಫರ್ಮ್ ನೋಂದಣಿ ಆಗಿದ್ರೆ ಮೂರು ಕೆಲಸ: ರಿಜಿಸ್ಟ್ರಾರ್ ಆಫ್ ಫರ್ಮ್ಸ್‌ಗೆ ನೋಟಿಸ್, ಸರ್ಕಾರಿ ರಾಜ್ಯಪತ್ರ ಅಂದ್ರೆ ಗೆಜೆಟ್‌ನಲ್ಲಿ ಪ್ರಕಟಣೆ, ಮತ್ತು ಆ ಜಿಲ್ಲೆಯಲ್ಲಿ ಓಡಾಡೋ ದೇಶಭಾಷೆಯ ಒಂದು ಪತ್ರಿಕೆಯಲ್ಲಾದರೂ ಪ್ರಕಟಣೆ. ರಾಯಚೂರು ಜಿಲ್ಲೆಯವರಿಗೆ ಅಂದ್ರೆ ಒಂದು ಕನ್ನಡ ಪತ್ರಿಕೆ. ಫರ್ಮ್ ನೋಂದಣಿ ಆಗಿಲ್ಲ ಅಂದ್ರೆ ಗೆಜೆಟ್ ಮತ್ತು ಪತ್ರಿಕೆ. ಈ ನೋಟಿಸನ್ನ ಹೋಗುವವರೂ ಕೊಡಬಹುದು, ಉಳಿಯುವವರೂ ಕೊಡಬಹುದು. ಉಳಿದವರು ಕೊಡ್ತಾರೆ ಬಿಡು ಅಂತ ಕಾಯಬೇಡಿ. ಕೊಡದಿದ್ರೆ ಸಿಕ್ಕಿಹಾಕ್ಕೊಳ್ಳೋದು ನೀವು.

ಮಸ್ಕಿಯವರಿಗೆ ಒಂದು ಮಾತು. ನಿಮ್ಮೂರ ಬಂಡೆ ಮೇಲೆ ಅಶೋಕನ ಶಾಸನ ಇದೆಯಲ್ಲ, 1915ರಲ್ಲಿ ಬೆಳಕಿಗೆ ಬಂದದ್ದು. ಬೇರೆ ಕಡೆಯ ಹೆಚ್ಚಿನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತ ಬಿರುದು ಮಾತ್ರ ಇದ್ರೆ, ಮಸ್ಕಿಯದರಲ್ಲಿ ಅಶೋಕ ಅನ್ನೋ ಹೆಸರೇ ಇದೆ. ಹೆಸರು ಬರೆದು ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿ ಇಟ್ಟಿದ್ದಕ್ಕೆ, ಈ ದೇವಾನಾಂಪ್ರಿಯ ಯಾರು ಅನ್ನೋದು ಖಚಿತ ಆಯ್ತು. ನಮಗೆ ಬಂಡೆ ಬೇಡ, ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಸಾಕು. ಅಪ್ಪ ಆ ನಾಲ್ಕು ಸಾಲು ಹಾಕಿಸಿರಲಿಲ್ಲ.

ಇನ್ನೊಂದು ಜಿಎಸ್‌ಟಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 90ನೇ ಕಲಂ ಪ್ರಕಾರ, ಪಾಲುದಾರ ನಿವೃತ್ತಿ ಆದ ತಾರೀಖನ್ನ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು. ಒಂದು ತಿಂಗಳೊಳಗೆ ತಿಳಿಸಿದ್ರೆ ಬಿಟ್ಟ ದಿನದವರೆಗಿನ ತೆರಿಗೆಗೆ ಮಾತ್ರ ಹೊಣೆ. ಇಲ್ಲಾಂದ್ರೆ, ತಿಳಿಸಿದ ಕಾಗದ ಅವರ ಕೈ ಸೇರೋ ದಿನದವರೆಗೂ ಹೊಣೆ ಬೆಳೀತಾ ಹೋಗುತ್ತೆ. ಪೋರ್ಟಲ್‌ನಲ್ಲಿ ನಿಮ್ಮ ಹೆಸರು ಇನ್ನೂ ಇದೆಯಾ ಅಂತ ಇವತ್ತೇ ಒಮ್ಮೆ ನೋಡಿ.

ಇಷ್ಟು ಹೊತ್ತು ನೀವು ಕೊಡಬೇಕಾದ್ದರ ಮಾತು ಆಯ್ತು. ನಿಮಗೆ ಬರಬೇಕಾದ್ದೂ ಇದೆ.

ನೀವು ಹೊರಬಂದ್ರಿ, ಲೆಕ್ಕ ಮಾಡಿಲ್ಲ, ಉಳಿದವರು ನಿಮ್ಮ ಬಂಡವಾಳ ಹಾಕಿದ ಆಸ್ತಿಯಲ್ಲೇ ವ್ಯಾಪಾರ ನಡೆಸ್ತಿದ್ದಾರೆ ಅನ್ಕೊಳ್ಳಿ. 37ನೇ ಕಲಂ ನಿಮಗೆ ಎರಡು ಆಯ್ಕೆ ಕೊಡುತ್ತೆ. ನಿಮ್ಮ ಪಾಲಿನ ಆಸ್ತಿ ಬಳಸಿದ್ದರಿಂದ ಬಂದ ಲಾಭ ಕೇಳಬಹುದು, ಇಲ್ಲಾ ಆ ಮೊತ್ತಕ್ಕೆ ವರ್ಷಕ್ಕೆ ಶೇಕಡಾ 6ರ ಬಡ್ಡಿ ಕೇಳಬಹುದು. ಡೀಡ್‌ನಲ್ಲಿ ಬೇರೆ ಥರ ಬರೆದಿದ್ರೆ ಅದು ನಡೆಯುತ್ತೆ. ಹಂಗೇ 36ನೇ ಕಲಂ: ಹೊರಬಂದವರು ಪಕ್ಕದಲ್ಲೇ ಅದೇ ವ್ಯಾಪಾರ ಶುರು ಮಾಡಬಹುದು. ಆದ್ರೆ ಬೇರೆ ಒಪ್ಪಂದ ಇಲ್ಲದಿದ್ರೆ ಹಳೇ ಫರ್ಮ್ ಹೆಸರು ಬಳಸಂಗಿಲ್ಲ, ಅಲ್ಲಿನ ಹಳೇ ಗಿರಾಕಿಗಳ ಹಿಂದೆ ಬಿದ್ದು ಕರೀಬಾರದು.

ರೈಸ್ ಮಿಲ್ ಇರೋರು ಇದನ್ನ ಕೇಳಿ. ಮಿಲ್ಲಿನ ಮುಂದಿನ ಗೋಡೌನ್ ನಂದು, ನಾನು ಹೋಗೋವಾಗ ಅದನ್ನೇ ತಗೋತೀನಿ ಅನ್ನೋ ಮಾತು ನಮ್ಮ ಕಡೆ ಸಾಮಾನ್ಯ. ಭತ್ತದ ಮಿಲ್ಲು, ಶೇಂಗಾ ಸುಲಿಯೋ ವ್ಯವಹಾರದ್ದೇ ಒಂದು ಕೇಸು ಆಂಧ್ರದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಡ್ಡಂಕಿ ನಾರಾಯಣಪ್ಪ ಪ್ರಕರಣ, 1966ರ ತೀರ್ಪು. ಪಾಲುದಾರಿಕೆ ನಡೀತಿರೋವಾಗ ಫರ್ಮ್ ಆಸ್ತಿಯ ಇಂಥ ಭಾಗ ನನ್ನದು ಅಂತ ಯಾವ ಪಾಲುದಾರನೂ ಹೇಳಂಗಿಲ್ಲ. ಹೊರಬರುವಾಗ ಸಾಲವೆಲ್ಲ ಕಳೆದು ಉಳಿದದ್ದರಲ್ಲಿ ಅವನ ಪಾಲಿನ ಬೆಲೆ ಅವನದು. ಅದೇ ಅದರ ಸಾರ.

ಈಗ ಲಿಂಗಸುಗೂರಿನಿಂದ ಬಂದ ಒಂದು ಪ್ರಶ್ನೆ. ಇಬ್ಬರು ಗೆಳೆಯರ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಒಬ್ಬರು ವಾಟ್ಸ್ಆ್ಯಪ್‌ನಲ್ಲಿ “ನಾಳೆಯಿಂದ ನಾ ಬರಂಗಿಲ್ಲ” ಅಂತ ಹಾಕಿ ಗ್ರೂಪ್ ಬಿಟ್ಟು ಹೋಗಿದ್ದಾರೆ. ಡೀಡ್ ಇಲ್ಲ, ನೋಂದಣಿ ಇಲ್ಲ. ಏನ್ ಮಾಡ್ಬೇಕು?

ಇಬ್ಬರೇ ಇದ್ದಾಗ ಒಬ್ಬರು ಹೋದ್ರೆ ಅದು ನಿವೃತ್ತಿ ಅಲ್ಲ. ಫರ್ಮೇ ಮುಗೀತು, ಯಾಕಂದ್ರೆ ಒಬ್ಬರದೇ ಪಾಲುದಾರಿಕೆ ಅಂತ ಇಲ್ಲ. ಆಗ ಬೇಕಾಗಿರೋದು ವಿಸರ್ಜನೆಯ ಲೆಕ್ಕ. ಅದಕ್ಕೂ ಸಾರ್ವಜನಿಕ ನೋಟಿಸ್ ಬೇಕು, ಇಲ್ಲಾಂದ್ರೆ ಒಬ್ಬರು ಮಾಡಿದ ಸಾಲ ಇನ್ನೊಬ್ಬರ ತಲೆಗೆ ಬರಬಹುದು. ಮೆಸೇಜನ್ನೇ ನಂಬ್ಕೊಂಡು ಕೂರಬೇಡಿ, ಕಾಗದದ ಮೇಲೆ ಬರೆದು, ತಾರೀಖು ಹಾಕಿ, ತಲುಪಿದ ಸಹಿ ತಗೊಳ್ಳಿ. ನೋಂದಣಿ ಆಗದ ಫರ್ಮ್ ಗಿರಾಕಿಯ ಮೇಲೆ ಬಾಕಿಗಾಗಿ ದಾವೆ ಹಾಕೋಕಾಗಲ್ಲ, 69ನೇ ಕಲಂ ತಡೆಯುತ್ತೆ. ಆದ್ರೆ ವಿಸರ್ಜನೆ ಆದ ಫರ್ಮಿನ ಲೆಕ್ಕ ಕೇಳೋಕೆ ಆ ತಡೆ ಇಲ್ಲ. ಆ ದಾವೆಗೆ ಕಾಲಮಿತಿ ವಿಸರ್ಜನೆಯಿಂದ ಮೂರು ವರ್ಷ. ಗೆಳೆಯ ಇವತ್ತಲ್ಲ ನಾಳೆ ಬಂದಾನು ಅಂತ ಕಾಯ್ತಾ ಆ ಮೂರು ವರ್ಷ ಕಳ್ಕೋಬೇಡಿ.

ಚೆನ್ನಾಗಿ ಬರೆದ ಡೀಡ್ ಇದ್ರೆ ಏನಾಗುತ್ತೆ? ಕರ್ನಾಟಕದ್ದೇ ದೊಡ್ಡ ಉದಾಹರಣೆ ಇದೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್. 1940ರಿಂದ ಬೀಡಿ ವ್ಯವಹಾರದಲ್ಲಿದ್ದ ಪಾಲುದಾರಿಕೆ. ಪಾಲುದಾರರ ನಡುವೆ ಭಿನ್ನಾಭಿಪ್ರಾಯ ಬಂದು 1987ರ ಡಿಸೆಂಬರ್‌ನಲ್ಲಿ ಫರ್ಮ್ ವಿಸರ್ಜನೆ ಆಯ್ತು. ಆದ್ರೆ ಡೀಡ್‌ನಲ್ಲಿ ಮೊದಲೇ ಒಂದು ದಾರಿ ಬರೆದಿತ್ತು. ಫರ್ಮ್ ಮುಗಿದ್ರೆ, ನಡೀತಿರೋ ವ್ಯಾಪಾರವನ್ನ ಟ್ರೇಡ್‌ಮಾರ್ಕ್ ಸಮೇತ ಪಾಲುದಾರರ ನಡುವೆಯೇ ಹರಾಜಿಗಿಡಬೇಕು, ಹೆಚ್ಚು ಬೆಲೆ ಕೊಟ್ಟವರಿಗೆ ಅದು ಸೇರಬೇಕು. ವಿಷಯ ಹೈಕೋರ್ಟಿಗೆ ಹೋಯ್ತು. 1994ರಲ್ಲಿ ಮೂವರು ಹಳೇ ಪಾಲುದಾರರ ಗುಂಪು 92 ಕೋಟಿ ರೂಪಾಯಿಗೆ ಕೊಂಡ್ಕೊಳ್ತು. ಅದರ ಮೇಲಿನ ಆದಾಯ ತೆರಿಗೆ ತಕರಾರು 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗೀತು. ದಾರಿ ಬರೆದಿಟ್ಟಿದ್ದವರಿಗೇ ಏಳು ವರ್ಷ ಬೇಕಾಯ್ತು. ಆದ್ರೂ ವ್ಯಾಪಾರ ಚೂರು ಚೂರಾಗಿ ಮಾರಾಟ ಆಗಲಿಲ್ಲ. ನಮ್ಮ ಅಂಗಡಿಯ ಡೀಡ್‌ನಲ್ಲಿ ಹೊರಗೆ ಹೋಗೋದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಮ್ಮ ಕಥೆ ಏನಾಯ್ತು ಅಂದ್ರೆ, ಕೋರ್ಟಿಗೆ ಹೋಗಲಿಲ್ಲ. ಹೋಲ್‌ಸೇಲ್‌ನವರ ಜೊತೆ ಕೂತು ಮೂವರೂ ಹಂಚ್ಕೊಂಡ್ರು. ಅಪ್ಪನ ಪಾಲಿಗೆ ಬಂದದ್ದು 3 ಲಕ್ಷ 10 ಸಾವಿರ. ಬ್ಯಾಂಕಿನ ಹಳೇ ಬಾಕಿಯನ್ನ ಕಾಕಾಗಳು ತಾವೇ ಕಟ್ಟಿದ್ರು, ಆ ಋಣ ನಾನು ಮರೆಯಲ್ಲ. ಅವ್ವನ ಬಳೆ ಅಡವಿಗೆ ಹೋದವು. ಸಿಎ ಓದೋಕೆ ಬೆಂಗಳೂರಿಗೆ ಹೋಗ್ತೀನಿ ಅಂತಿದ್ದೆ, ಹೋಗಲಿಲ್ಲ. ಮಸ್ಕಿ ಕಾಕಾ ಒಂದು ಸಂಜೆ ಮನೆಗೆ ಬಂದು, “ಪೇಪರ್‌ನ್ಯಾಗ ಹಾಕಬೇಕಂತ ನನಗೂ ತಿಳಿದಿದ್ದಿಲ್ಲ ಮಗಳ” ಅಂದ್ರು. ಅಪ್ಪ, ಕಾಕಾ ಈಗಲೂ ಮಾತಾಡ್ತಾರೆ. ಆದ್ರೆ ಮೊದಲಿನಂಗೆ ಅಲ್ಲ.

ಹೋದ ವರ್ಷ ನಾನೇ ಒಂದು ಪಾಲುದಾರಿಕೆ ಬಿಟ್ಟೆ. ಮೂವರು ಸೇರಿ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಿದ್ವಿ. ನಿವೃತ್ತಿ ಪತ್ರ ಬರೆಸಿದೆ. ಬ್ಯಾಂಕಿಗೆ ಹೋಗಿ, ನನ್ನನ್ನ ಬಿಡುಗಡೆ ಮಾಡಿದ್ದೀವಿ ಅಂತ ಕಾಗದ ತಗೊಂಡೆ. ಕ್ಯಾಮೆರಾ ಬಾಡಿಗೆಗೆ ಕೊಡುವವರಿಗೆಲ್ಲ ಪತ್ರ ಕಳಿಸಿದೆ. ಗೆಜೆಟ್‌ಗೂ ಪತ್ರಿಕೆಗೂ ಪ್ರಕಟಣೆ ಕೊಟ್ಟೆ. ಪತ್ರಿಕೆಯಲ್ಲಿ ನೋಡಿದ ಗೆಳತಿ ಫೋನ್ ಮಾಡಿ, “ನಮ್ಮ ಮ್ಯಾಲೆ ಅಷ್ಟೂ ನಂಬಿಕಿ ಇಲ್ಲೇನ?” ಅಂತ ಅತ್ತುಬಿಟ್ಲು.

ನಾನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ಆ ಕಾಗದ ನಿನಗಲ್ಲ. ನಿನ್ನ ನನ್ನ ನಡುವೆ ಮಾತು ಸಾಕು. ನನ್ನ ಹೆಸರು ನೋಡಿ ನಿನಗೆ ಸಾಲ ಕೊಡುವವರು ಇದಾರಲ್ಲ, ಅವರು ನಮ್ಮ ಮಾತು ಕೇಳಿಸ್ಕೊಂಡಿಲ್ಲ. ಕಾಗದ ಅವರಿಗೆ. ನಾಳೆ ಅವರು ನಮ್ಮಿಬ್ಬರ ನಡುವೆ ಬಂದು ನಿಲ್ಲಬಾರದು ಅಂತ.

ಆ ಪತ್ರಿಕೆಯ ತುಣುಕನ್ನ ಅಪ್ಪ ಕತ್ತರಿಸಿ, ತಮ್ಮ ಹಳೇ ಸ್ಟಾಂಪ್ ಪೇಪರ್ ಜೊತೆ ಫೈಲಿಗೆ ಹಾಕಿ ಇಟ್ಟಿದ್ದಾರೆ. ಏನೂ ಹೇಳಲಿಲ್ಲ.

ನಿಮ್ಮನೆಯಲ್ಲಿ ಯಾರಾದ್ರೂ ಹಿಂದೆ ಅಂಗಡಿ, ಮಿಲ್ಲು, ಅಡತಿ ವ್ಯಾಪಾರ ಬಿಟ್ಟವರಿದ್ರೆ ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ಕೇಳಿ: “ಬಿಟ್ಟದ್ದನ್ನ ಹೊರಗಿನವರಿಗೆ ಬರೆದು ಕೊಟ್ಟೀರೇನು?” ಇಲ್ಲ ಅಂದ್ರೆ ಒಬ್ಬ ವಕೀಲರನ್ನೋ ಆಡಿಟರ್‌ನ್ನೋ ನೋಡಿ. ತಡವಾಗಿ ಕೊಟ್ಟ ನೋಟಿಸ್ ಹಿಂದಿನದನ್ನ ಅಳಿಸಲ್ಲ, ಆದ್ರೆ ಅವತ್ತಿನಿಂದ ಮುಂದಿನದನ್ನ ತಡೆಯುತ್ತೆ.

ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಊರ ಹೆಸರು ಹೇಳೋದು ಮರೀಬೇಡಿ. ಮುಂದಿನ ವಾರ ಪಾಲುದಾರರೊಬ್ಬರು ತೀರಿಕೊಂಡ್ರೆ ಮನೆಯವರಿಗೆ ಏನು ಬರುತ್ತೆ, ಏನು ಬರಲ್ಲ ಅನ್ನೋದನ್ನ ಮಾತಾಡೋಣ. ಬರ್ತೀನಿ, ನಮಸ್ಕಾರ.